ಕ್ಯಾಂಪರ್ ವ್ಯಾನ್ ಕೊಂಡರೆ ಹೋಟೆಲ್ ಖರ್ಚು ಉಳಿಯುತ್ತದೆಯೇ?

‘ಸಣ್ಣ ಕ್ಯಾಂಪರ್ ವ್ಯಾನ್ ಒಂದಿದ್ದರೆ ಸಾಕು, ಪ್ರವಾಸದಲ್ಲಿ ಹೋಟೆಲ್ ಬಾಡಿಗೆ ಕೊಡಬೇಕಿಲ್ಲ’ ಎಂಬ ಮಾತು ಎಷ್ಟು ನಿಜ? ಕಾರ್ಖಾನೆಯಿಂದಲೇ ಸಿದ್ಧವಾಗಿ ಬಂದ ಜರ್ಮನಿಯ ಫೋಕ್ಸ್‌ವ್ಯಾಗನ್ ಕ್ಯಾಲಿಫೋರ್ನಿಯಾ ಟಿ6.1 ಅನ್ನು ಉದಾಹರಣೆಯಾಗಿಟ್ಟುಕೊಂಡು ನೋಡೋಣ.

ಅನುಕೂಲಗಳೇನು?
ಉದ್ದ ಸುಮಾರು 4.9 ಮೀಟರ್, ಎತ್ತರ 1.99 ಮೀಟರ್. ಹಾಗಾಗಿ 2 ಮೀಟರ್ ಎತ್ತರದ ಮಿತಿಯಿರುವ ಪಾರ್ಕಿಂಗ್ ಕಟ್ಟಡಕ್ಕೂ ಹೋಗಬಹುದು. ವಾರದ ದಿನಗಳಲ್ಲಿ ಕಾರಿನಂತೆ ಬಳಸಬಹುದು. ಚಾವಣಿ ಎತ್ತಿದರೆ ನಾಲ್ವರು ಮಲಗಬಹುದು.

ಕೊರತೆಗಳೇನು?
ಅಡುಗೆ ಕಟ್ಟೆಯಿರುವ ಮಾದರಿಯಲ್ಲೂ ನೀರಿನ ಟ್ಯಾಂಕ್ 30 ಲೀಟರ್, ಫ್ರಿಜ್ 42 ಲೀಟರ್ ಮಾತ್ರ. ಶೌಚಾಲಯವಿಲ್ಲ. ಆದ್ದರಿಂದ ಹೆಚ್ಚಿನ ರಾತ್ರಿಗಳಲ್ಲಿ ಶುಲ್ಕ ಕೊಟ್ಟು ಕ್ಯಾಂಪ್‌ಸೈಟ್‌ನಲ್ಲೇ ತಂಗಬೇಕಾಗುತ್ತದೆ.

ಲೆಕ್ಕ ಹಾಕುವುದು ಹೇಗೆ?
ಮೌಲ್ಯ ಕುಸಿತ, ವಿಮೆ, ತೆರಿಗೆ ಎಲ್ಲ ಸೇರಿ ವರ್ಷಕ್ಕೆ 4,000 ಯೂರೋ ಎಂದು ಭಾವಿಸೋಣ. 20 ರಾತ್ರಿ ಮಲಗಿದರೆ ಒಂದು ರಾತ್ರಿಗೆ 200 ಯೂರೋ. 80 ರಾತ್ರಿಯಾದರೆ 50 ಯೂರೋ. ಡೀಸೆಲ್, ಕ್ಯಾಂಪ್‌ಸೈಟ್ ಶುಲ್ಕ ಬೇರೆ.

ಒಂದು ಎಚ್ಚರಿಕೆ
ಚಳಿಗೆ ಗ್ಯಾಸ್ ಒಲೆ ಹಚ್ಚಿಕೊಂಡು ಮಲಗುವುದು ಪ್ರಾಣಕ್ಕೇ ಅಪಾಯ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದನ್ನು ಪತ್ತೆಹಚ್ಚುವ ಅಲಾರಂ ಇರಲೇಬೇಕು.

ಹಾಗಾದರೆ ಕೊಳ್ಳಬಹುದೇ?
ಇದ್ದ ಕಾರನ್ನು ಮಾರಿ, ಇದನ್ನೇ ದಿನವೂ ಓಡಿಸಿ, ಆಗಾಗ ಪ್ರವಾಸ ಹೋಗುವವರಿಗೆ ಲಾಭವಾಗಬಹುದು. ವರ್ಷಕ್ಕೆ ಎರಡು ವಾರ ಸುತ್ತುವವರಿಗೆ ಬಾಡಿಗೆ ವ್ಯಾನೇ ಅಗ್ಗವಾಗುವ ಸಾಧ್ಯತೆ ಹೆಚ್ಚು. ಕೊಳ್ಳುವ ಮೊದಲು ಒಂದು ವಾರ ಬಾಡಿಗೆಗೆ ಪಡೆದು, ಮಳೆ ಸುರಿಯುವ ರಾತ್ರಿಯೊಂದನ್ನು ಅದರಲ್ಲಿ ಕಳೆದು ನೋಡಿ ಎಂಬುದೇ ನಮ್ಮ ಸಲಹೆ.