ದನದ ಹಾದಿಯಲ್ಲಿ ಒಂದು ದಿನ

ನಮ್ಮ ಸೀಮೆಯಲ್ಲಿ ‘ಅಡವಿ’ ಎಂಬ ಶಬ್ದಕ್ಕೆ ಇರುವ ಅರ್ಥವು ಪಾಠಪುಸ್ತಕದ ಅರ್ಥವಲ್ಲ. ಪುಸ್ತಕದಲ್ಲಿ ಅಡವಿಯೆಂದರೆ ಬಿಸಿಲು ನೆಲಕ್ಕೆ ಬೀಳದಂಥ ದಟ್ಟವಾದ ಮರಗಳ ಸಮೂಹ. ಕುಷ್ಟಗಿ, ಯಲಬುರ್ಗಾಗಳ ತಾಯಂದಿರು “ದನಾ ಅಡವಿಗೆ ಹೋಗ್ಯಾವ” ಎಂದು ಹೇಳುವಾಗ ಅವರ ಮನಸ್ಸಿನಲ್ಲಿರುವದು ಮರಗಳಲ್ಲ. ಊರ ಹೊರಗಿನ ಹೊಲ, ಬೀಳು, ಹಳ್ಳದ ದಂಡೆ, ಮರಡಿ ಇವೆಲ್ಲವೂ ಕೂಡಿದ ಬಯಲು. ಈ ಬಯಲಿನಲ್ಲಿ ಬೆಳಗಿನಿಂದ ಸಂಜೆಯ ವರೆಗೆ ಬುತ್ತಿ ಕಟ್ಟಿಕೊಂಡು ನಡೆದು ಬರುವದು ಎಂಥ ಸಂತೋಷವೆಂಬದನ್ನು ನಮ್ಮ ಬಾಲಿಕೆಯರಿಗೆ ತಿಳಿಸಬೇಕೆಂಬದು ಈ ಲೇಖನದ ಒಂದು ಉದ್ದೇಶ. ಹಾಗೆ ನಡೆಯುವವರು ಏನನ್ನು ತಿಳಿದಿರಬೇಕೆಂಬದು ಎರಡನೆಯ ಉದ್ದೇಶ, ಇದೇ ಹೆಚ್ಚಿನದು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಕಡೆಗಳಲ್ಲಿ ಮಳೆಯು ಕಡಿಮೆ. ವರ್ಷಕ್ಕೆ 600 ಮಿಲಿಮೀಟರಿನ ಆಚೀಚೆ ಬಿದ್ದರೆ ರೈತನು ದೇವರಿಗೆ ಕೈ ಮುಗಿಯುತ್ತಾನೆ. ತುಂಗಭದ್ರೆಯ ಕಾಲುವೆಯ ನೀರು ಗಂಗಾವತಿಯ ಕಡೆಗೆ ಹರಿದು ಅಲ್ಲಿ ಬತ್ತದ ಗದ್ದೆಗಳಾದವು; ಮಿಕ್ಕ ಭಾಗವು ಹೆಚ್ಚಾಗಿ ಎರೆ ಮತ್ತು ಮಸಾರಿಯ ಒಣ ಭೂಮಿ. ಇಂಥ ನೆಲದಲ್ಲಿ ನಡೆಯುವವನಿಗೆ ಡಾಂಬರಿನ ರಸ್ತೆಗಿಂತ ಒಳ್ಳೆಯ ಗುರುವು ದನದ ಹಾದಿ. ದನಗಳು ಏರನ್ನು ನೆಟ್ಟಗೆ ಹತ್ತುವದಿಲ್ಲ. ಓರೆಯಾಗಿ, ದಣಿವಾಗದಂತೆ, ಗುಡ್ಡದ ಮೈಯನ್ನು ಬಳಸಿ ಹತ್ತುತ್ತವೆ. ನೂರಾರು ಗೊರಸುಗಳು ತುಳಿದು ಮಾಡಿದ ಆ ಸಣ್ಣ ಜಾಡಿನಲ್ಲಿ ನಡೆದರೆ ಹತ್ತು ವರ್ಷದ ಹುಡುಗಿಯೂ ಮರಡಿಯ ನೆತ್ತಿಯನ್ನು ಸುಲಭವಾಗಿ ಮುಟ್ಟುವಳು. ಮತ್ತೊಂದು ಮಾತು. ಇಂಥ ಹಲವು ಜಾಡುಗಳು ಒಂದೆಡೆ ಕೂಡಿ ಅಗಲವಾಗುತ್ತಾ ಹೋದರೆ ಮುಂದೆ ಕೆರೆಯೋ ಹಳ್ಳದ ಮಡುವೋ ಇದೆಯೆಂದು ತಿಳಿಯಬೇಕು. ಕವಲೊಡೆದು ಸಣ್ಣದಾಗುತ್ತಾ ಹೋದರೆ ನೀರು ಹಿಂದೆ ಉಳಿಯಿತು.

ಈ ಹಾದಿಗಳು ಎಷ್ಟು ಹಳೆಯವೆಂದು ಯೋಚಿಸಿದರೆ ಆಶ್ಚರ್ಯವಾಗುತ್ತದೆ. ಬಳ್ಳಾರಿಯ ಬಳಿಯ ಕುಡತಿನಿಯಲ್ಲಿ ದೊಡ್ಡದೊಂದು ಬೂದಿಯ ದಿಬ್ಬವಿದೆ. ಅಂಥವು ನಮ್ಮ ಸುತ್ತಲಿನ ಸೀಮೆಯಲ್ಲಿ ಇನ್ನೂ ಹಲವು ಉಂಟು. ಬಹುಕಾಲ ಅವು ಏನೆಂಬದು ವಿದ್ವಾಂಸರ ವಾದಕ್ಕೆ ವಿಷಯವಾಗಿತ್ತು. ಈಗಿನ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬವನ್ನು 1957ರಲ್ಲಿ ರೇಮಂಡ್ ಆಲ್ಚಿನ್ ಎಂಬ ಆಂಗ್ಲ ಪಂಡಿತರು ಅಗೆದು ನೋಡಿದಾಗ ಅಲ್ಲಿ ದನದ ದೊಡ್ಡಿಯ ಗುರುತುಗಳೂ ಗೊರಸಿನ ಅಚ್ಚುಗಳೂ ಕಂಡುಬಂದವು. ಆ ಬೂದಿಯು ಹೊಸ ಶಿಲಾಯುಗದ ಜನರು ಕೂಡಿಸಿ ಸುಟ್ಟ ಸೆಗಣಿಯ ಬೂದಿಯೇ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಈ ಬಯಲಿನಲ್ಲಿ ಮಂದೆಗಳು ಮೇಯುತ್ತಿದ್ದವು, ಅವುಗಳ ಹಿಂದೆ ಬಡಿಗೆ ಹಿಡಿದ ಹುಡುಗರು ನಡೆಯುತ್ತಿದ್ದರು. ಗಂಗಾವತಿಯ ಪಶ್ಚಿಮಕ್ಕೆ ಸುಮಾರು 10 ಕಿಲೋಮೀಟರು ದೂರದ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ನೂರಾರು ಕಲ್ಲುಮನೆಗಳು ನಿಂತಿವೆ. ಊರವರು ಅದನ್ನು ಮೊರೇರ ಗುಡ್ಡವೆನ್ನುತ್ತಾರೆ. 2021ರಲ್ಲಿ ಈ ಸ್ಥಳವು ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಅಲ್ಲಿಯ ಬಂಡೆಗಳ ಮರೆಯಲ್ಲಿರುವ ಕೆಂಪು ಚಿತ್ರಗಳಲ್ಲಿ ಮನುಷ್ಯರೊಂದಿಗೆ ಪಶುಗಳೂ ಇವೆ. ಒಂದು ದಿನದ ನಡಿಗೆಗೆ ಇದಕ್ಕಿಂತ ಯೋಗ್ಯವಾದ ಸ್ಥಳವನ್ನು ನಾನರಿಯೆ. ಆದರೆ ಆ ಗುಡ್ಡಗಳಲ್ಲಿ ಕರಡಿ, ಚಿರತೆಗಳು ಇರುವದರಿಂದ ದಾರಿ ಬಲ್ಲ ಊರವರೊಬ್ಬರನ್ನು ಕರೆದುಕೊಂಡೇ ಹೋಗತಕ್ಕದ್ದು, ಹೊತ್ತು ಇಳಿಯುವ ಮುಂಚೆ ಕೆಳಗೆ ಬರತಕ್ಕದ್ದು.

ಬಯಲು ಬರಿದಾಗಿ ಕಾಣುವದರಿಂದ ಅದು ಯಾರದೂ ಅಲ್ಲವೆಂದು ಪಟ್ಟಣದ ಮಕ್ಕಳು ಭಾವಿಸುವದುಂಟು. ಇದು ದೊಡ್ಡ ತಪ್ಪು. ಬೀಳಾಗಿ ಕಾಣುವ ನೆಲವು ಒಬ್ಬನ ಹೊಲವಾಗಿರಬಹುದು, ಇಲ್ಲವೆ ಊರಿನ ಗಾಯರಾಣವಾಗಿರಬಹುದು. ಮೈಸೂರು ಕಡೆಯವರು ಇದನ್ನೇ ಗೋಮಾಳವೆನ್ನುತ್ತಾರೆ. ಕರ್ನಾಟಕದ ಭೂಕಂದಾಯ ನಿಯಮಗಳ ಪ್ರಕಾರ ನೂರು ದನಗಳಿಗೆ 12 ಹೆಕ್ಟೇರಿನಂತೆ ಹುಲ್ಲುಗಾವಲನ್ನು ಊರಿಗಾಗಿ ಬಿಡಬೇಕು. ಕಾಗದದ ಮೇಲಿನ ಈ ಲೆಕ್ಕಕ್ಕೂ ನೆಲದ ಮೇಲಿರುವದಕ್ಕೂ ಎಷ್ಟು ಅಂತರವೆಂಬದನ್ನು ಯಾವ ದನಗಾಹಿಯನ್ನು ಕೇಳಿದರೂ ಹೇಳಿಯಾನು. ಉಳಿದಿರುವ ಜಾಗದಲ್ಲಿಯೂ ಬಳ್ಳಾರಿ ಜಾಲಿ ಹಬ್ಬಿ ಹುಲ್ಲನ್ನು ತಿಂದುಹಾಕಿದೆ. ಆದುದರಿಂದ ನಾವು ವಿನೋದಕ್ಕಾಗಿ ನಡೆಯುವ ಸ್ಥಳವು ಇನ್ನೊಬ್ಬರ ಹೊಟ್ಟೆಪಾಡಿನ ಸ್ಥಳ. ಅದೂ ದಿನದಿನಕ್ಕೆ ಇಕ್ಕಟ್ಟಾಗುತ್ತಿರುವ ಸ್ಥಳ.

ಇನ್ನು ದನಗಳ ವಿಷಯ. ಮನೆಯ ಗೋದಲಿಯಲ್ಲಿ ಕಟ್ಟಿದ ಆಕಳನ್ನು ಮುದ್ದಿಸಿ ಬೆಳೆದ ಹುಡುಗಿಯು ಬಯಲಿನ ಮಂದೆಯ ಆಕಳನ್ನೂ ಹಾಗೆಯೇ ತಿಳಿದು ಹತ್ತಿರ ಹೋಗುತ್ತಾಳೆ. ಆಕಳಿನ ಕಣ್ಣುಗಳು ತಲೆಯ ಎರಡೂ ಮಗ್ಗುಲಲ್ಲಿರುವದರಿಂದ ಅದು ತಲೆ ತಿರುಗಿಸದೆಯೇ ಸುತ್ತಲಿನ 300 ಡಿಗ್ರಿಗಳಿಗೂ ಮಿಕ್ಕಿ ನೋಡಬಲ್ಲದು. ಆದರೆ ನೇರ ಬೆನ್ನ ಹಿಂದೆ ಅದಕ್ಕೆ ಏನೂ ಕಾಣದು. ದೂರ, ಆಳಗಳನ್ನು ಅಳೆಯುವ ಶಕ್ತಿಯೂ ನಮ್ಮಷ್ಟಿಲ್ಲ. ನೆಲದ ಮೇಲೆ ಬಿದ್ದ ಗಾಢವಾದ ನೆರಳನ್ನೂ ಗುಂಡಿಯೆಂದು ಬಗೆದು ಅದು ನಿಂತುಬಿಡುತ್ತದೆ. ಹಿಂದಿನಿಂದ ಸದ್ದಿಲ್ಲದೆ ಬಂದವರನ್ನು ಅದು ಒದೆಯುವದು ಸಿಟ್ಟಿನಿಂದಲ್ಲ, ಹೆದರಿಕೆಯಿಂದ. ಆದಕಾರಣ ಮಂದೆಯ ಮಗ್ಗುಲಿನಿಂದ, ಅವುಗಳಿಗೆ ಕಾಣುವಂತೆ, ಮೆಲುದನಿಯಲ್ಲಿ ಮಾತಾಡುತ್ತಾ ಸಾಗಬೇಕು. ಕಿರಿಚುವ ದನಿಯು ದನದ ಕಿವಿಗೆ ಬಹಳ ಬಾಧಕ. ನಮ್ಮ ಹುಡುಗಿಯರು ಇಪ್ಪತ್ತು ಮಂದಿ ಕೂಡಿದಾಗ ಯಾವ ದನಿ ಹೊರಡುತ್ತದೆಂಬದನ್ನು ನಾನು ಬರೆಯಬೇಕಾಗಿಲ್ಲ.

ಕೆಂಪು ಸೀರೆಯನ್ನು ಕಂಡರೆ ಹೋರಿ ಹಾಯುತ್ತದೆಂಬ ಮಾತು ನಮ್ಮಲ್ಲಿ ಪ್ರಸಿದ್ಧ. ದನಗಳಿಗೆ ಕೆಂಪು ಬಣ್ಣವು ನಮಗೆ ಕಂಡಂತೆ ಕಾಣುವದೇ ಇಲ್ಲ. ಅದನ್ನು ಕೆರಳಿಸುವದು ಬಣ್ಣವಲ್ಲ, ಗಾಳಿಗೆ ಪಟಪಟನೆ ಬಡಿಯುವ ಸೆರಗು, ಫಕ್ಕನೆ ಬಿಚ್ಚುವ ಛತ್ರಿ. ಬಿಳಿಯ ಛತ್ರಿಯಾದರೂ ಅಷ್ಟೇ.

ಪ್ರತಿಯೊಂದು ದನಕ್ಕೂ ತನ್ನ ಸುತ್ತ ಕಣ್ಣಿಗೆ ಕಾಣದ ಒಂದು ಅಂಗಳವಿರುತ್ತದೆ. ಅದರೊಳಗೆ ನಾವು ಕಾಲಿಟ್ಟೊಡನೆ ಅದು ಮೇಯುವದನ್ನು ನಿಲ್ಲಿಸಿ ತಲೆಯೆತ್ತುತ್ತದೆ. ಆ ತಲೆಯೆತ್ತುವಿಕೆಯೇ ಮೊದಲ ಎಚ್ಚರಿಕೆ. ನಾವು ಎರಡು ಹೆಜ್ಜೆ ಹಿಂದೆ ಸರಿದರೆ ಅದು ಪುನಃ ಬಾಯಿ ಹಾಕುತ್ತದೆ. ಮನೆಯಲ್ಲಿ ಸಾಕಿದ ಜವಾರಿ ಆಕಳಿಗೆ ಈ ಅಂಗಳವು ಮೊಳದಷ್ಟೇ. ಹರೆಯದ ಖಿಲಾರಿ ಹೋರಿಗೆ ಬಹು ದೊಡ್ಡದು. ಕೊರಳಿಗೆ ಮರದ ತುಂಡನ್ನು ಕಟ್ಟಿದ ದನವನ್ನು ಕಂಡರೆ ಇನ್ನೂ ದೂರದಿಂದ ಹೋಗಿರಿ. ಅದು ಓಡುವ ಇಲ್ಲವೆ ಹಾಯುವ ದನವೆಂದು ಒಡೆಯನೇ ಕಟ್ಟಿದ ಗುರುತು ಅದು. ತಲೆ ತಗ್ಗಿಸಿ ಮುಂಗಾಲಿನಿಂದ ಮಣ್ಣು ಕೆದರುವದು, ಮೈಯನ್ನು ಅಡ್ಡವಾಗಿ ತಿರುಗಿಸಿ ತನ್ನ ಗಾತ್ರವನ್ನು ತೋರಿಸುವದು, ಇವು ಹೋರಿಯ ಕಡೆಯ ಎಚ್ಚರಿಕೆಗಳು.

ಎಲ್ಲಕ್ಕಿಂತ ಹೆಚ್ಚಾಗಿ ಅಂಜಬೇಕಾದದ್ದು ಹೊಸದಾಗಿ ಈದ ಆಕಳಿಗೆ. ಅದು ಕರುವನ್ನು ಮೊದಲ ಕೆಲವು ದಿನ ಕಂಟಿಯ ಮರೆಯಲ್ಲಿ ಮಲಗಿಸಿ ತಾನು ಸ್ವಲ್ಪ ದೂರದಲ್ಲಿ ಮೇಯುತ್ತದೆ. ಮಂದೆಯನ್ನು ಬಿಟ್ಟು ಒಂದೇ ಆಕಳು ಜಾಲಿಗಿಡದ ಹತ್ತಿರ ನಿಂತಿದ್ದರೆ ಕರುವು ಎಲ್ಲಿಯೋ ಅಲ್ಲಿಯೇ ಇದೆಯೆಂದು ತಿಳಿಯಿರಿ. ನಮ್ಮ ಗುಂಪಿನ ಹುಡುಗಿಯೊಬ್ಬಳು ಒಮ್ಮೆ ಬಾರಿಹಣ್ಣಿನ ಆಸೆಗೆ ಇಂಥ ಕಂಟಿಯ ಬಳಿಗೆ ಹೋದಳು. ಆಕಳು ಬುಸುಗುಟ್ಟಿ ಬಂದಿತು. ಹುಡುಗಿ ಓಡಲು ತೊಡಗಿದಳು. ದೂರದಲ್ಲಿದ್ದ ದನಗಾಹಿ ಅಜ್ಜನೊಬ್ಬನು “ಓಡಬ್ಯಾಡ ಯವ್ವಾ, ನಿಂದರು! ಅದು ಕರಾ ಕಾಯಾಕತ್ತೈತಿ” ಎಂದು ಕೂಗಿದನು. ಅವಳು ನಿಂತಳು, ಆಕಳೂ ನಿಂತಿತು. “ಮಾರಿ ಅದರ ಕಡೆ ಇರ್ಲಿ, ಸಾವಕಾಶ ಹಿಂದ ಸರಿ” ಎಂದನು. ಇಂಗ್ಲೆಂಡಿನಲ್ಲಿ ಹುಲ್ಲುಗಾವಲುಗಳ ನಡುವೆ ಸಾರ್ವಜನಿಕರ ಕಾಲುಹಾದಿಗಳಿವೆ. ಅಲ್ಲಿ ನಡೆಯುವವರಿಗೆ ಬೋಧಿಸುವದೂ ಈ ಅಜ್ಜನ ಮಾತನ್ನೇ. ಅದಕ್ಕೆ ಅವರು ಇನ್ನೊಂದನ್ನು ಸೇರಿಸುತ್ತಾರೆ: ಜೊತೆಗೆ ನಾಯಿಯಿದ್ದರೆ ದನವು ನಾಯಿಯನ್ನೇ ಅಟ್ಟುವದರಿಂದ ಅದನ್ನು ಬಿಟ್ಟುಬಿಡಬೇಕು.

ಕುರಿಗಳು ಮನುಷ್ಯರಿಗೆ ಅಪಾಯವಲ್ಲ, ಆದರೆ ಕುರಿಹಟ್ಟಿಯ ನಾಯಿಗಳು ಹಾಗಲ್ಲ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ರಕ್ಷಿತ ಧಾಮವೊಂದು ಆಗಿದೆ. ತೋಳವಿರುವ ಸೀಮೆಯಲ್ಲಿ ಕುರಿಗಾರನ ನಾಯಿ ಅಪರಿಚಿತರನ್ನು ಸುಮ್ಮನೆ ಬಿಡದು. ಅದು ಬೊಗಳಿದ ಕೂಡಲೆ ನಿಂತು ಕುರಿಗಾರನನ್ನು ಕೂಗಿರಿ, ಕಲ್ಲನ್ನು ಎತ್ತಬೇಡಿರಿ.

ಬುತ್ತಿಯನ್ನು ಬಟ್ಟೆಯಲ್ಲಿಯೇ ಕಟ್ಟಿರಿ. ಸಜ್ಜೆರೊಟ್ಟಿ, ಶೇಂಗಾಹಿಂಡಿಗಳಿಗೆ ಪ್ಲಾಸ್ಟಿಕ್ ಚೀಲದ ಅವಶ್ಯಕತೆ ಏನೂ ಇಲ್ಲ. ಉಪ್ಪಿನ ವಾಸನೆಗೆ ದನವು ಆ ಚೀಲವನ್ನು ನುಂಗುತ್ತದೆ, ಅದು ಹೊಟ್ಟೆಯಲ್ಲಿ ಜಮೆಯಾಗಿ ಮೆಲುಕು ನಿಲ್ಲುತ್ತದೆ. ಕಾಲುಬಾಯಿ ಬೇನೆಯಿರುವ ಊರಿನೊಳಗಿಂದ ಹಾದು ಬಂದಿದ್ದರೆ ಬೇರೊಂದು ಊರಿನ ಮಂದೆಯ ಕಡೆಗೆ ಹೋಗಬಾರದು. ಆ ರೋಗವು ನಮ್ಮ ಕೆರದ ಕೆಸರಿನಲ್ಲಿಯೂ ಪ್ರಯಾಣ ಮಾಡುತ್ತದೆ.

ಈಗ ನಾನು ಹೇಳಲೇಬೇಕಾದ, ಹೇಳಲು ಸಂಕೋಚವಾಗುವ ಸಂಗತಿಗೆ ಬರುತ್ತೇನೆ. ಯಲಬುರ್ಗಾದ ಕಡೆಯ ಒಂದು ಹಳ್ಳಿ. ಎಳ್ಳಮಾವಾಸ್ಯೆಯ ಮುಂದಿನ ವಾರ. ಗಾಯರಾಣದಿಂದ ಹೊಲಗಳಿಗೆ ಇಳಿಯುವ ದಾರಿಯ ಬಾಯಿಗೆ ಜಾಲಿಯ ಮುಳ್ಳುಕಂಟಿಯನ್ನು ಅಡ್ಡವಿಟ್ಟಿದ್ದರು. ನಾವು ಅದನ್ನು ಸರಿಸಿ ಒಬ್ಬೊಬ್ಬರಾಗಿ ದಾಟಿದೆವು. ಮುಂದಿನವರು ಹಿಂದಿನವರು ಮುಚ್ಚಿಯಾರೆಂದುಕೊಂಡರು. ಹಿಂದಿನವರು ಹಾಡು ಹೇಳುತ್ತಾ ಬಂದುಬಿಟ್ಟರು. ಗುಂಪಿಗೆ ಹಿರಿಯಳಾದ ನಾನು ತಿರುಗಿ ನೋಡಲಿಲ್ಲ.

ಕೆಳಗಿನ ಹೊಲದಲ್ಲಿ ಮುಂಗಾರಿಯ ಜೋಳವನ್ನು ಕೊಯ್ದಿದ್ದರು. ಕೂಳೆಯಿಂದ ಹೊಸ ಚಿಗುರು ಗೇಣುದ್ದ ಹಸಿರಾಗಿ ಎದ್ದಿತ್ತು. ನೋಡುವದಕ್ಕೆ ಎಷ್ಟು ಚೆಂದ! ಆ ಚಿಗುರಿನಲ್ಲಿಯೇ ವಿಷವಿದೆ. ಎಳೆಯ ಜೋಳದಲ್ಲಿ, ಹೆಚ್ಚಾಗಿ ನೀರಿಲ್ಲದೆ ಬಾಡಿದ ಪೈರಿನಲ್ಲಿಯೂ ಕೂಳೆಯ ಚಿಗುರಿನಲ್ಲಿಯೂ, ಒಂದು ದ್ರವ್ಯವಿರುತ್ತದೆ. ದನವು ಅದನ್ನು ಅಗಿದೊಡನೆ ಅದರಿಂದ ಸಯನೈಡು ಹೊರಡುತ್ತದೆ. ರಕ್ತದಲ್ಲಿ ಪ್ರಾಣವಾಯುವಿದ್ದರೂ ಮೈಯು ಅದನ್ನು ಬಳಸಲಾರದೆ ಹೋಗುತ್ತದೆ. ದನವು ಏದುಸಿರು ಬಿಡುತ್ತಾ, ನಡುಗುತ್ತಾ, ಕೆಲವೇ ಹೊತ್ತಿನಲ್ಲಿ ಬೀಳುತ್ತದೆ. ಪೈರು ಬೆಳೆದು ತೆನೆಯಾಡಿದ ಮೇಲೆ ಈ ವಿಷವು ತಗ್ಗುತ್ತದೆ. ಒಣಗಿದ ಕಣಿಕೆಯನ್ನು ವರ್ಷವಿಡೀ ಮೇಯಿಸುತ್ತಾರೆ. ಔಷಧವೂ ಇದೆ, ದನದ ವೈದ್ಯರು ಬೇಗನೆ ಬಂದು ನರಕ್ಕೆ ಚುಚ್ಚಿದರೆ ಉಳಿಯುವದು. ಆ ‘ಬೇಗನೆ’ ಎಂಬದು ಹಳ್ಳಿಯಲ್ಲಿ ಒದಗುವದು ಕಷ್ಟ.

ನಾವು ಹಳ್ಳದಲ್ಲಿ ಕೂತು ಊಟ ಮಾಡುತ್ತಿರುವಾಗ ಮೇಲಿನಿಂದ ಕೂಗು ಕೇಳಿಸಿತು. ಹೋಗಿ ನೋಡುವಷ್ಟರಲ್ಲಿ ಒಂದು ಕಂದು ಆಕಳು ಒಡ್ಡಿನ ಮಗ್ಗುಲಿಗೆ ಉರುಳಿತ್ತು. ಮಿಕ್ಕವುಗಳನ್ನು ಹುಡುಗರು ಹೊಡೆದು ಹೊರಗೆ ಹಾಕಿದ್ದರು. ಆಕಳ ಒಡತಿಯು ನಮ್ಮನ್ನು ಬೈಯಲಿಲ್ಲ. “ಕಂಟಿ ಮುಚ್ಚಬಾರದೇನ್ರೆವಾ?” ಎಂದು ಮಾತ್ರ ಕೇಳಿದಳು. ಅವಳು ದಿನವೂ ಎರಡು ಹೊತ್ತು ಹಾಲು ಮಾರಿ ಮನೆ ನಡೆಸುತ್ತಿದ್ದಳೆಂದು ಆಮೇಲೆ ತಿಳಿಯಿತು. ಹುಡುಗಿಯರು ತಮ್ಮ ತಮ್ಮ ಮನೆಗಳಲ್ಲಿ ಕೇಳಿ ಹಣ ಕೂಡಿಸಿದರು, ನಾನೂ ಸೇರಿಸಿದೆನು. ಅದು ಆಕಳ ಬೆಲೆಯ ಅರ್ಧದಷ್ಟೂ ಆಗಲಿಲ್ಲ. ಅದನ್ನು ಕೊಡಲು ಹೋದಾಗ ಅವಳು ನಮಗೆಲ್ಲ ಕುಡಿಯಲು ಮಜ್ಜಿಗೆ ಕೊಟ್ಟಳು. ನೆರೆಮನೆಯಿಂದ ತಂದ ಮಜ್ಜಿಗೆ.

ಅಂದಿನಿಂದ ನಮ್ಮ ಗುಂಪಿನಲ್ಲಿ ಒಂದು ಏರ್ಪಾಡು ಇದೆ. ಎಲ್ಲರಿಗಿಂತ ಹಿಂದೆ ನಡೆಯುವ ಹುಡುಗಿಯ ಹೆಸರನ್ನು ಹೊರಡುವ ಮುಂಚೆಯೇ ಹೇಳಿ, ಅವಳ ಕೈಗೆ ಬಡಿಗೆ ಕೊಡುತ್ತೇವೆ. ಕಂಟಿಯ ಭಾರವು ಅವಳದು. ಮರುವರ್ಷ ಅದೇ ಹಾದಿಯಲ್ಲಿ ಹೋದೆವು. ಆ ಸಲ ಕಂಟಿಯು ದಾರಿಯ ಬದಿಗೆ ಸರಿದು ಬಿದ್ದಿತ್ತು. ಹಿಂದಿನ ಹುಡುಗಿ ಬಹು ನಿಷ್ಠೆಯಿಂದ ಅದನ್ನು ಬಡಿಗೆಯಿಂದ ಎಳೆದು ದಾರಿಗೆ ಅಡ್ಡ ಹಾಕತೊಡಗಿದಳು. ಕೆಳಗಿನ ಹೊಲದಲ್ಲಿ ಆ ವರ್ಷ ಜೋಳವಿರಲಿಲ್ಲ, ಬರಿಯ ಕಡಲೆಯ ಕೊಯ್ದ ನೆಲವಿತ್ತು. ಅದರಾಚೆ ಹಳ್ಳದ ನೀರು. ಗಿಡದ ನೆರಳಿನಲ್ಲಿ ಕೂತಿದ್ದ ದನಗಾಹಿಯು ಎದ್ದು ನಿಂತು, “ಬ್ಯಾಡ ತಂಗೀ, ಹಂಗ ಇರ್ಲಿ. ಮಧ್ಯಾನ್ನ ದನಾ ನೀರಿಗೆ ಬರತಾವ” ಎಂದನು.

ಅವಳು ಕಂಟಿಯನ್ನು ಎಲ್ಲಿತ್ತೋ ಅಲ್ಲಿಯೇ ಇಟ್ಟು, ಕೈಗೆ ಚುಚ್ಚಿದ ಮುಳ್ಳನ್ನು ಕೀಳುತ್ತಾ ನಮ್ಮನ್ನು ಸೇರಿಕೊಂಡಳು.