ಕಾಶಿಯ ರಾಜ ತೋಡಿಸಿದ ಬಾವಿ

ಇಂಗ್ಲೆಂಡಿನ ಸ್ಟೋಕ್ ರೋ ಎಂಬ ಹಳ್ಳಿಗೆ ಜನ ಹೋಗುವುದೇ ಒಂದು ಬಾವಿ ನೋಡಲು. ಬಾವಿಯ ಮೇಲೆ ಗುಮ್ಮಟ, ರಾಟೆಯ ಮೇಲೆ ಬಂಗಾರ ಬಣ್ಣದ ಆನೆ. ಹಣ ಕೊಟ್ಟವನು ಕಾಶಿಯ ಮಹಾರಾಜ ಈಶ್ವರೀ ಪ್ರಸಾದ ನಾರಾಯಣ ಸಿಂಗ್.

ಊರಿರುವುದು ಆಕ್ಸ್‌ಫರ್ಡ್‌ಶೈರಿನ ದಕ್ಷಿಣಕ್ಕೆ, ಚಿಲ್ಟರ್ನ್ ಗುಡ್ಡಗಳ ನೆತ್ತಿಯಲ್ಲಿ. ಸುತ್ತ ಬೀಚ್ ಮರಗಳ ಕಾಡು. ಕೆಲವೇ ಮೈಲಿ ಆಚೆ ಥೇಮ್ಸ್ ಹರಿಯುತ್ತದೆ. ಇಲ್ಲಿ ಮಾತ್ರ ಹಳ್ಳವಿಲ್ಲ, ತೊರೆಯಿಲ್ಲ. ನೆಲದಡಿಯ ಸುಣ್ಣಕಲ್ಲು ಮಳೆನೀರನ್ನೆಲ್ಲ ಹೀರಿ ಪಾತಾಳಕ್ಕೆ ಇಳಿಸಿಬಿಡುತ್ತದೆ. ಜೇಡಿಮಣ್ಣಿನ ಗುಂಡಿಗಳಲ್ಲಿ ನಿಂತ ಬಗ್ಗಡವೇ ಹಿಂದೆ ಊರಿಗೆ ಗತಿಯಾಗಿತ್ತು.

ಪಕ್ಕದ ಇಪ್ಸ್‌ಡನ್ನಿನ ಎಡ್ವರ್ಡ್ ರೀಡ್ ಉತ್ತರ ಭಾರತದಲ್ಲಿ ದೊಡ್ಡ ಅಧಿಕಾರಿ. 1831ರಲ್ಲಿ ಆಜಂಗಢದ ಜನರಿಗೆ ಬಾವಿ ತೋಡಿಸಿದ್ದ. ಮನೆಯಲ್ಲಿದ್ದ ಕೊನೆಯ ಗುಟುಕು ನೀರು ಕುಡಿದುಬಿಟ್ಟನೆಂದು ತನ್ನ ಸೀಮೆಯ ತಾಯಿಯೊಬ್ಬಳು ಮಗನಿಗೆ ಹೊಡೆದ ಕಥೆಯನ್ನು ಗೆಳೆಯನಾದ ರಾಜನಿಗೆ ಹೇಳಿದ್ದನಂತೆ. ರಾಜ ಅದನ್ನು ಮರೆಯಲಿಲ್ಲ. 1857ರಲ್ಲಿ ಬ್ರಿಟಿಷರ ಪಕ್ಷದಲ್ಲಿದ್ದ ದೊರೆಯ ದಾನದಲ್ಲಿ ಒಂದಿಷ್ಟು ರಾಜಕೀಯವೂ ಇದ್ದೀತು. 1860-61ರ ಬರದಲ್ಲಿ ಉತ್ತರ ಭಾರತವೇ ಬೆಂದಿತ್ತು ಎಂಬುದೂ ನೆನಪಾಗುತ್ತದೆ. ಆದರೂ ಬಾಯಾರಿದ ಹುಡುಗನಿಗಾಗಿ ಮಿಡಿದ ಮನಸ್ಸನ್ನು ಅನುಮಾನಿಸಲು ನನಗೆ ಮನಸ್ಸಿಲ್ಲ.

1863ರ ಮಾರ್ಚಿನಲ್ಲಿ ಅಗೆತ ಶುರುವಾಯಿತು. ಅಗಲ ನಾಲ್ಕೇ ಅಡಿ, ಆಳ 368 ಅಡಿ! ಅಷ್ಟನ್ನೂ ತೋಡಿದ್ದು ಕೈಯಿಂದಲೇ. ಗುಮ್ಮಟದ ಮೇಲೆ ರಾಜನ ಹೆಸರು ಬರೆದಿದೆ. ನನಗೆ ಮಾತ್ರ ಮೈ ತಿರುಗಿಸಲೂ ಜಾಗವಿಲ್ಲದ ಆ ಕತ್ತಲೆಗೆ ದಿನಾ ಇಳಿದವರದೇ ಯೋಚನೆ. ಮಣ್ಣು ಕುಸಿದರೆ ಓಡಲು ದಾರಿ ಎಲ್ಲಿ?

1864ರ ಮೇ 24ರಂದು, ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬದ ದಿನ, ಬಾವಿ ಊರಿಗೆ ಸಂದಿತು. ನೀರು ಬಿಟ್ಟಿ, ಆದರೆ ಒಂದು ಬಕೆಟ್ ಮೇಲೆ ಬರಲು ಹತ್ತು ನಿಮಿಷ ರಾಟೆ ತಿರುಗಿಸಬೇಕು. ಬಾವಿಯ ಖರ್ಚಿಗೆಂದು ಪಕ್ಕದಲ್ಲೇ ಚೆರ್ರಿ ತೋಟ ಹಾಕಿಸಿದರು, ಹೆಸರು ಈಶ್ವರೀ ಬಾಗ್. ಅದರೊಳಗೆ ಮೀನಿನ ಆಕಾರದ ಕೊಳ. ಕಾವಲುಗಾರನಿಗೊಂದು ಪುಟ್ಟ ಮನೆ.

ಎಪ್ಪತ್ತು ವರ್ಷ ಊರು ಸೇದಿ ಕುಡಿಯಿತು. ಆಮೇಲೆ ಮನೆಮನೆಗೆ ನಲ್ಲಿ ಬಂತು. 1964ರ ಶತಮಾನೋತ್ಸವಕ್ಕೆ ಪ್ರಿನ್ಸ್ ಫಿಲಿಪ್ ಬಂದಾಗ ಗಂಗಾಜಲ ತರಿಸಿ ಬಾವಿಯ ನೀರಿಗೆ ಬೆರೆಸಿದರು. ಟ್ರಸ್ಟ್ ಒಂದು ಈಗ ಅದನ್ನು ಅಚ್ಚುಕಟ್ಟಾಗಿ ನೋಡಿಕೊಳ್ಳುತ್ತಿದೆ. ಸೇದುವವರು ಮಾತ್ರ ಇಲ್ಲ.