ಒಂದು ಲ್ಯಾಪ್‌ಟಾಪಿನಲ್ಲಿ ಎರಡು ಒಲೆ

ಮಗನ ಹಟಕ್ಕೆ ಮಣಿದೋ, ಇಂಜಿನಿಯರಿಂಗ್ ವ್ಯಾಸಂಗಕ್ಕೆ ಬೇಕೆಂಬ ಕಾರಣಕ್ಕೋ, ದೊಡ್ಡ ಬೆಲೆ ತೆತ್ತು ಆಟದ ಲ್ಯಾಪ್‌ಟಾಪನ್ನು ಮನೆಗೆ ತಂದ ಗೃಹಸ್ಥರು ಈಗ ಕಡಮೆಯಿಲ್ಲ. ತಂದ ವಾರದೊಳಗೆ ಆಟ ಕುಂಟತೊಡಗಿದರೆ ಮಗನಿಗೆ ಯಂತ್ರದ ಮೇಲೆ ಅನುಮಾನ. ತಂದೆಗೆ ಅಂಗಡಿಯವನ ಮೇಲೆ ಅನುಮಾನ. ಅನೇಕ ವೇಳೆ ಎರಡೂ ನಿರಾಧಾರವಾದುವು. ಯಾವ ಭಾಗಕ್ಕಾಗಿ ಅಷ್ಟು ಹಣ ತೆತ್ತರೋ ಆ ಭಾಗ ಇನ್ನೂ ಕೆಲಸಕ್ಕೆ ಇಳಿದೇ ಇರುವುದಿಲ್ಲ, ಅಷ್ಟೆ.

ಇಂಥ ಯಂತ್ರದೊಳಗೆ ಚಿತ್ರ ಬರೆಯುವ ಅಂಗಗಳು ಎರಡು. ಒಂದು, ಮುಖ್ಯ ಪ್ರೊಸೆಸರಿನ ಒಡಲಿನಲ್ಲಿಯೇ ಅಡಗಿರುವ ಇಂಟಿಗ್ರೇಟೆಡ್ ಗ್ರಾಫಿಕ್ಸ್. ಅಂತರ್ಗತ ಗ್ರಾಫಿಕ್ಸ್ ಎನ್ನೋಣ. ಇದಕ್ಕೆ ಸ್ವಂತ ಮೆಮೊರಿ ಇಲ್ಲ. ಯಂತ್ರದ ಮೆಮೊರಿಯಲ್ಲಿಯೇ ಪಾಲು ಪಡೆದು, ಕೆಲವೇ ವಾಟ್ ವಿದ್ಯುತ್ತಿನಲ್ಲಿ ಕಾಲಕ್ಷೇಪ ಮಾಡುತ್ತದೆ. ಮತ್ತೊಂದು ಡೆಡಿಕೇಟೆಡ್ ಗ್ರಾಫಿಕ್ಸ್. ಇದರ ಚಿಪ್ಪು ಬೇರೆ, ಮೆಮೊರಿ ಬೇರೆ, ಹಸಿವೂ ಬೇರೆ. ದೊಡ್ಡ ಯಂತ್ರಗಳಲ್ಲಿ ೧೦೦ ವಾಟನ್ನೂ ಮೀರಿ ಉಣ್ಣುತ್ತದೆ. ಇದನ್ನು ಸ್ವತಂತ್ರ ಗ್ರಾಫಿಕ್ಸ್ ಎಂದು ಕರೆಯಲು ಮನಸ್ಸಾಗುತ್ತದೆ. ಆದರೆ ಅದರ ಸ್ವಾತಂತ್ರ್ಯ ಎಷ್ಟರದೆಂಬುದನ್ನು ಮುಂದೆ ನೋಡಬಹುದು.

ಅಗತ್ಯವೇನೋ ನಿಜವಾದದ್ದೇ. ಸಾಮಾನ್ಯ ತೆರೆಯೊಂದರಲ್ಲಿ ಅಡ್ಡಕ್ಕೆ ೧೯೨೦, ಎತ್ತರಕ್ಕೆ ೧೦೮೦ರಂತೆ ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಚುಕ್ಕೆಗಳು. ಸೆಕೆಂಡಿಗೆ ೬೦ ಸಾರಿ ಚಿತ್ರ ಬದಲಾಗಬೇಕಾದರೆ ಹನ್ನೆರಡು ಕೋಟಿಗೂ ಹೆಚ್ಚು ಚುಕ್ಕೆಗಳಿಗೆ ಬಣ್ಣ ಹಚ್ಚಬೇಕು. ಹಾಗೆಂದು ಪತ್ರ ಬರೆಯುವಾಗಲೂ ದೊಡ್ಡದನ್ನೇ ಉರಿಸುವಂತಿಲ್ಲ. ವಿಮಾನದಲ್ಲಿ ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ಬ್ಯಾಟರಿಯ ಮಿತಿ ೧೦೦ ವಾಟ್-ಗಂಟೆ. ಆದ್ದರಿಂದ ಲ್ಯಾಪ್‌ಟಾಪಿನ ಬ್ಯಾಟರಿಗಳು ಆ ಮಿತಿಯೊಳಗೇ ನಿಲ್ಲುತ್ತವೆ. ೧೦೦ ವಾಟ್ ಉಣ್ಣುವ ಅತಿಥಿಯನ್ನು ಅದು ಎಷ್ಟು ಹೊತ್ತು ಸಾಕೀತು?

ಮೊದಮೊದಲು ಈ ಬದಲಾವಣೆಯನ್ನು ಕೈಯಾರೆ ಮಾಡಬೇಕಾಗಿತ್ತು. ೨೦೦೬ರಲ್ಲಿ ಬಂದ ಸೋನಿ ವಾಯೋ ಎಸ್‌ಜೆಡ್ ಯಂತ್ರಕ್ಕೆ ಇದಕ್ಕೆಂದೇ ಒಂದು ಸ್ವಿಚ್ಚಿತ್ತು. ಒತ್ತಿದ ಮೇಲೆ ಯಂತ್ರವನ್ನು ಆರಿಸಿ ಮತ್ತೆ ಹಚ್ಚಬೇಕು. ೨೦೧೦ರಲ್ಲಿ ಎನ್ವಿಡಿಯಾ ಕಂಪೆನಿಯವರು ಆಪ್ಟಿಮಸ್ ಎಂಬ ಏರ್ಪಾಡನ್ನು ತಂದು, ಯಾವ ಕೆಲಸಕ್ಕೆ ಯಾವುದು ಎಂಬ ನಿರ್ಧಾರವನ್ನು ಯಂತ್ರಕ್ಕೇ ಬಿಟ್ಟರು.

ಇದರ ಮರ್ಮವನ್ನು ನಮ್ಮ ಮನೆಯ ಮದುವೆಗೆ ಹೋಲಿಸಬಹುದು. ನಿತ್ಯದ ಅನ್ನ ಹುಳಿ ಮನೆಯ ಒಲೆಯ ಮೇಲೆ. ಮದುವೆಯ ದಿನ ಹಿತ್ತಲಲ್ಲಿ ಕೋಡಿ ಒಲೆ ಹೂಡಿ ಅಡಿಗೆಭಟ್ಟರು ಬರುತ್ತಾರೆ. ಅಡಿಗೆ ಭಟ್ಟರದಾದರೂ ಪಂಕ್ತಿಗೆ ಬಡಿಸುವವರು ಮನೆಯವರೇ. ಆಪ್ಟಿಮಸ್‌ನಲ್ಲಿಯೂ ತೆರೆಗೆ ಹೋಗುವ ತಂತಿ ಅಂತರ್ಗತ ಗ್ರಾಫಿಕ್ಸಿನದು. ದೊಡ್ಡದು ಬರೆದ ಪ್ರತಿಯೊಂದು ಚಿತ್ರವನ್ನೂ ನಕಲು ಮಾಡಿ ಚಿಕ್ಕದರ ಕೈಗೆ ಒಪ್ಪಿಸಬೇಕು. ಅದು ಬಡಿಸಿದರೇ ನಮಗೆ ಊಟ. ಸ್ವತಂತ್ರ ಎಂಬ ಮಾತು ಇಲ್ಲಿ ಅರ್ಧ ಸತ್ಯ.

ಲಿನಕ್ಸ್ ಬಳಸುವವರಿಗೆ ಈ ಏರ್ಪಾಡು ಬಹಳ ಕಾಟ ಕೊಟ್ಟಿತು. ೨೦೧೨ರಲ್ಲಿ ಫಿನ್ಲೆಂಡಿನ ಆಲ್ಟೋ ವಿಶ್ವವಿದ್ಯಾನಿಲಯದ ಸಭೆಯೊಂದರಲ್ಲಿ ಶ್ರೋತೃವೊಬ್ಬರು ಈ ಸಂಕಟವನ್ನು ತೋಡಿಕೊಂಡಾಗ, ಲಿನಕ್ಸಿನ ಜನಕ ಲಿನಸ್ ಟೋರ್ವಾಲ್ಡ್ಸ್ ಕ್ಯಾಮರಾದ ಎದುರಿಗೇ ಎನ್ವಿಡಿಯಾವನ್ನು ಬೈದರು. ಆ ಮಾತು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಅಚ್ಚಾಗತಕ್ಕದ್ದಲ್ಲ.

ಈಗ ಕುಂಟುವ ಆಟಕ್ಕೆ ಬರೋಣ. ಯಂತ್ರದ ನಿರ್ಧಾರ ಒಮ್ಮೊಮ್ಮೆ ತಪ್ಪುತ್ತದೆ. ವಿಂಡೋಸಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಪರ್ಫಾರ್ಮೆನ್ಸ್ ಎಂಬಲ್ಲಿ ಎರಡು ಜಿಪಿಯುಗಳ ದುಡಿಮೆಯೂ ಬೇರೆ ಬೇರೆಯಾಗಿ ಕಾಣುತ್ತದೆ. ಆಟ ನಡೆಯುತ್ತಿರುವಾಗ ದೊಡ್ಡದು ಸುಮ್ಮನೆ ಕುಳಿತಿದ್ದರೆ, ಸೆಟಿಂಗ್ಸ್, ಸಿಸ್ಟಮ್, ಡಿಸ್ಪ್ಲೇ, ಗ್ರಾಫಿಕ್ಸ್ ಎಂಬ ದಾರಿಯಲ್ಲಿ ಸಾಗಿ, ಆ ಆಟದ ಹೆಸರಿಗೆ ಹೈ ಪರ್ಫಾರ್ಮೆನ್ಸ್ ಎಂದು ಗೊತ್ತುಮಾಡಬೇಕು. ಚಾರ್ಜರನ್ನು ಮೊದಲೇ ಚುಚ್ಚಿರಬೇಕು. ಬರಿಯ ಬ್ಯಾಟರಿಯ ಮೇಲೆ ದೊಡ್ಡದು ತನ್ನ ಪೂರ್ಣ ಶಕ್ತಿಯನ್ನು ತೋರುವುದಿಲ್ಲ.

ಕೆಲವರು ಅವಸರಪಟ್ಟು ಡಿವೈಸ್ ಮ್ಯಾನೇಜರಿನಲ್ಲಿ ಅಂತರ್ಗತ ಗ್ರಾಫಿಕ್ಸನ್ನೇ ನಿಷ್ಕ್ರಿಯಗೊಳಿಸುತ್ತಾರೆ. ಇದು ಬಡಿಸುವವರನ್ನು ಹೊರಗಟ್ಟಿ ಊಟಕ್ಕೆ ಕುಳಿತಂತೆ. ತೆರೆಯ ದಾರಿಯೇ ಕಡಿದುಹೋಗುವುದರಿಂದ ಆಟ ಮೊದಲಿಗಿಂತ ಕೆಡುತ್ತದೆ.

ದಾರಿಯನ್ನೇ ಬದಲಾಯಿಸುವ ಉಪಾಯವೂ ಉಂಟು. ಮಕ್ಸ್ ಸ್ವಿಚ್ ಇರುವ ಯಂತ್ರಗಳಲ್ಲಿ ತೆರೆಯ ತಂತಿಯನ್ನು ನೇರವಾಗಿ ದೊಡ್ಡದಕ್ಕೆ ಜೋಡಿಸಬಹುದು. ನಕಲಿನ ವಿಳಂಬ ತಪ್ಪುತ್ತದೆ. ಬಯಾಸ್‌ನಲ್ಲಿಯೋ ತಯಾರಕರ ತಂತ್ರಾಂಶದಲ್ಲಿಯೋ ಇದನ್ನು ತಿರುಗಿಸಿ, ಸಾಮಾನ್ಯವಾಗಿ ಯಂತ್ರವನ್ನು ಮತ್ತೆ ಹಚ್ಚಬೇಕು. ೨೦೨೦ರಲ್ಲಿ ಪ್ರಕಟವಾದ ಅಡ್ವಾನ್ಸ್ಡ್ ಆಪ್ಟಿಮಸ್ ಇರುವಲ್ಲಿ ಆ ಶ್ರಮವೂ ಇಲ್ಲ. ಕೊಳ್ಳುವಾಗ ಈ ಸ್ವಿಚ್ ಉಂಟೇ ಎಂದು ಕೇಳುವುದು, ಕೀಲಿಮಣೆಯ ಬಣ್ಣದ ದೀಪಗಳನ್ನು ನೋಡಿ ಮರುಳಾಗುವುದಕ್ಕಿಂತ ಲೇಸು. ಊರಿಗೆ ಹೊರಡುವ ಮುನ್ನ ಮಾತ್ರ ಅದನ್ನು ಮರಳಿ ತಿರುಗಿಸಬೇಕು. ಮರೆತರೆ ಬೆಂಗಳೂರಿನಲ್ಲಿ ತುಂಬಿಸಿದ ಬ್ಯಾಟರಿ ಅರಸೀಕೆರೆ ಬರುವ ಮೊದಲೇ ಬರಿದಾದರೂ ಆಶ್ಚರ್ಯವಿಲ್ಲ.